ನಿದ್ದೆಗೆಟ್ಟ ಸರ್ವರ್‌ಗಳು

ಎರಡು ಪ್ರೊಸೆಸರ್‌ಗಳಿರುವ ಸರ್ವರ್ ಒಂದು ಯಾವ ಕೆಲಸವೂ ಇಲ್ಲದೆ ಕೂತಾಗ 200 ವ್ಯಾಟ್ ವಿದ್ಯುತ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ಸ್ವಲ್ಪ ಹಳೆಯ ಯಂತ್ರಗಳಿಗೆ ಇದೇನೂ ಅಪರೂಪದ ಅಂಕಿಯಲ್ಲ. ದಿನಕ್ಕೆ 4.8 ಯೂನಿಟ್, ತಿಂಗಳಿಗೆ 146 ಯೂನಿಟ್ ಆಯಿತು. ಯಂತ್ರವನ್ನು ತಂಪಾಗಿಡುವ ಎ.ಸಿ., ಯುಪಿಎಸ್‌ನಲ್ಲಿ ಸೋರಿಹೋಗುವ ಪಾಲು ಎಲ್ಲ ಸೇರಿ ಒಂದೂವರೆ ಪಟ್ಟು ಎಂದು ಹಿಡಿದರೆ ಅದು 219 ಯೂನಿಟ್‌ಗೆ ಏರುತ್ತದೆ. ಕರ್ನಾಟಕದಲ್ಲಿ ಮನೆಗಳಿಗೆ ಉಚಿತ ವಿದ್ಯುತ್ ಕೊಡುವ ಗೃಹಜ್ಯೋತಿ ಯೋಜನೆಯ ಮಿತಿ ತಿಂಗಳಿಗೆ 200 ಯೂನಿಟ್. ಫ್ರಿಜ್ಜು, ಫ್ಯಾನು, ಮಿಕ್ಸಿ, ಟಿ.ವಿ. ಎಲ್ಲ ನಡೆಸುವ ಒಂದು ಸಂಸಾರ ದಾಟದಂತೆ ನೋಡಿಕೊಳ್ಳುವ ಗೆರೆಯನ್ನು, ಏನೂ ಮಾಡದ ಒಂದು ಸರ್ವರ್ ಸಲೀಸಾಗಿ ದಾಟಿಬಿಡುತ್ತದೆ.

ಹೀಗೆ ಏನೂ ಮಾಡದೆ ಅಥವಾ ಅರೆಬರೆ ಕೆಲಸದಲ್ಲಿ ಇರುವುದೇ ಸರ್ವರ್‌ಗಳ ಬಹುಪಾಲು ಬದುಕು. ಇದನ್ನು ಅಂಕಿಅಂಶಗಳ ಸಮೇತ ಜಗತ್ತಿನ ಮುಂದಿಟ್ಟವರು ಗೂಗಲ್‌ನ ಇಬ್ಬರು ಎಂಜಿನಿಯರ್‌ಗಳು, ಲೂಯಿಜ್ ಆಂಡ್ರೆ ಬರೋಸೊ ಮತ್ತು ಉರ್ಸ್ ಹೋಲ್ಜ್ಲ. 2007ರ ಡಿಸೆಂಬರ್‌ನಲ್ಲಿ ಐಇಇಇ ಕಂಪ್ಯೂಟರ್ ಪತ್ರಿಕೆಯಲ್ಲಿ ಪ್ರಕಟವಾದ ಅವರ ಲೇಖನದಲ್ಲಿ ಐದು ಸಾವಿರಕ್ಕೂ ಹೆಚ್ಚು ಸರ್ವರ್‌ಗಳನ್ನು ಆರು ತಿಂಗಳು ಅಳೆದ ಫಲಿತಾಂಶವಿತ್ತು. ಆ ಯಂತ್ರಗಳು ಪೂರ್ತಿ ಬಿಡುವಾಗಿ ಇದ್ದದ್ದು ಕಡಿಮೆ, ಪೂರ್ತಿ ಸಾಮರ್ಥ್ಯದಲ್ಲಿ ದುಡಿದದ್ದು ಇನ್ನೂ ಕಡಿಮೆ. ಹೆಚ್ಚಿನ ಹೊತ್ತು ಅವು ತಮ್ಮ ಶಕ್ತಿಯ ಶೇ 10ರಿಂದ 50ರ ನಡುವೆ ತೂಗಾಡುತ್ತಿದ್ದವು. ಇನ್ನೊಂದು ಸಂಗತಿ ಹೆಚ್ಚು ಕಳವಳದ್ದು. ಮಿತವ್ಯಯಿ ಎನಿಸಿಕೊಂಡ ಸರ್ವರ್ ಕೂಡ ಏನೂ ಮಾಡದಿದ್ದಾಗ ತನ್ನ ಗರಿಷ್ಠ ವಿದ್ಯುತ್ತಿನ ಸುಮಾರು ಅರ್ಧದಷ್ಟನ್ನು ಬಳಸುತ್ತಿತ್ತು. ದುಡಿಮೆ ಶೂನ್ಯಕ್ಕಿಳಿದರೂ ಬಿಲ್ಲು ಅರ್ಧಕ್ಕಿಂತ ಕೆಳಗಿಳಿಯುತ್ತಿರಲಿಲ್ಲ. ಮಾಡಿದ ಕೆಲಸಕ್ಕೆ ತಕ್ಕಷ್ಟೇ ವಿದ್ಯುತ್ ಬಳಸುವ ಯಂತ್ರ ಬೇಕು ಎಂಬುದು ಅವರ ವಾದವಾಗಿತ್ತು. ಬರೋಸೊ 2023ರಲ್ಲಿ ತೀರಿಕೊಂಡರು.

ಲ್ಯಾಪ್‌ಟಾಪ್ ಮುಚ್ಚಿದರೆ ನಿದ್ದೆ ಹೋಗುತ್ತದೆ, ತೆರೆದರೆ ಏಳುತ್ತದೆ. ಸರ್ವರ್‌ಗೆ ಯಾಕೆ ಹಾಗೆ ಮಲಗಲು ಬರುವುದಿಲ್ಲ?

ಉತ್ತರ ಹುಡುಕಲು 1996ಕ್ಕೆ ಹೋಗಬೇಕು. ಅದಕ್ಕೂ ಮುಂಚೆ ಎಪಿಎಂ ಎಂಬ ವ್ಯವಸ್ಥೆಯಿತ್ತು. ಅದರಲ್ಲಿ ಕಂಪ್ಯೂಟರ್ ಯಾವಾಗ ಮಲಗಬೇಕು ಎಂಬ ತೀರ್ಮಾನ ಬಹುಮಟ್ಟಿಗೆ ಬಯಾಸ್ ಎಂಬ ಮೂಲ ತಂತ್ರಾಂಶದ್ದು. ಯಾವ ಪ್ರೋಗ್ರಾಂ ಏನು ಮಾಡುತ್ತಿದೆ ಎಂಬುದು ಬಯಾಸ್‌ಗೆ ಗೊತ್ತೇ ಇರದ ಕಾರಣ ಎಡವಟ್ಟುಗಳಿಗೆ ಲೆಕ್ಕವಿರಲಿಲ್ಲ. 1996ರ ಡಿಸೆಂಬರ್‌ನಲ್ಲಿ ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಮೂವರೂ ಸೇರಿ ಎಸಿಪಿಐ ಎಂಬ ಹೊಸ ಕಟ್ಟಳೆ ತಂದರು. ತೀರ್ಮಾನದ ಅಧಿಕಾರ ಆಪರೇಟಿಂಗ್ ಸಿಸ್ಟಂಗೆ ಹೋಯಿತು. ನಿದ್ದೆಗಳಿಗೂ ಹೆಸರು ಬಿತ್ತು. ಎಸ್0 ಎಂದರೆ ಎಚ್ಚರ. ಎಸ್3 ಎಂದರೆ ಮೆಮೊರಿಗೆ ಮಾತ್ರ ವಿದ್ಯುತ್ ಉಳಿಸಿ ಉಳಿದದ್ದನ್ನೆಲ್ಲ ಆರಿಸುವುದು. ಮುಚ್ಚಿದ ಲ್ಯಾಪ್‌ಟಾಪ್‌ಗಳಲ್ಲಿ ಬಹುಕಾಲ ನಡೆದುಬಂದದ್ದು ಇದೇ. ಎಸ್4 ಎಂದರೆ ಮೆಮೊರಿಯನ್ನೂ ಡಿಸ್ಕ್‌ಗೆ ಬರೆದಿಟ್ಟು ಆರಿಸುವುದು. ಎಸ್5 ಎಂದರೆ ಶಟ್‌ಡೌನ್. ಸುಮಾರು 30 ವರ್ಷಗಳಾದರೂ ಮನೆಯ ಡೆಸ್ಕ್‌ಟಾಪ್‌ನಿಂದ ಹಿಡಿದು ದೊಡ್ಡ ಡೇಟಾ ಸೆಂಟರ್‌ನ ಸರ್ವರ್‌ವರೆಗೆ ಈ ಚೌಕಟ್ಟೇ ಬಳಕೆಯಲ್ಲಿದೆ.

ಕಾಗದದ ಮೇಲೆ ಸರ್ವರ್‌ಗೂ ಈ ನಿದ್ದೆಗಳೆಲ್ಲ ಉಂಟು. ಆದರೆ ಬಹಳಷ್ಟು ಸರ್ವರ್ ಬೋರ್ಡ್‌ಗಳಲ್ಲಿ ಎಸ್3 ಸೌಲಭ್ಯವನ್ನೇ ಕೊಟ್ಟಿರುವುದಿಲ್ಲ. ಕೊಟ್ಟರೂ ಬಳಸುವವರಿಲ್ಲ. ಕಾರಣ ಒಂದು ಸಣ್ಣ ಲೆಕ್ಕದಲ್ಲಿದೆ. 24 ಕೋರ್‌ಗಳ ಸರ್ವರ್‌ಗೆ ಸೆಕೆಂಡಿಗೆ 10,000 ಬೇಡಿಕೆಗಳು ಬರುತ್ತಿವೆ ಎನ್ನಿ. ಎರಡು ಬೇಡಿಕೆಗಳ ನಡುವಿನ ಸರಾಸರಿ ಬಿಡುವು 100 ಮೈಕ್ರೋಸೆಕೆಂಡ್, ಅಂದರೆ ಸೆಕೆಂಡಿನ ಹತ್ತು ಸಾವಿರದಲ್ಲೊಂದು ಭಾಗ. ಎಸ್3ಯಿಂದ ಎದ್ದು ಬರಲು ಸೆಕೆಂಡುಗಳೇ ಬೇಕು. ಪೂರ್ತಿ ಆರಿಸಿದ ಸರ್ವರ್ ಮೆಮೊರಿ ಪರೀಕ್ಷೆ, ಡಿಸ್ಕ್ ಕಂಟ್ರೋಲರ್ ಪರೀಕ್ಷೆ ಎಲ್ಲ ಮುಗಿಸಿ ಏಳಲು ಎಷ್ಟೋ ಸಲ ಹಲವು ನಿಮಿಷ ಹಿಡಿಯುತ್ತದೆ. ಇಡೀ ಯಂತ್ರ ಮಲಗಲು ಅವಕಾಶವೇ ಇಲ್ಲ. ಆದರೆ ಅದೇ ಬೇಡಿಕೆಗಳನ್ನು 24 ಕೋರ್‌ಗಳಿಗೆ ಸಮನಾಗಿ ಹಂಚಿದರೆ ಒಂದೊಂದು ಕೋರ್‌ಗೆ ಸರಾಸರಿ 2.4 ಮಿಲಿಸೆಕೆಂಡಿಗೊಂದು ಬೇಡಿಕೆ. ಇಡೀ ಯಂತ್ರಕ್ಕೆ ಸಿಗದ ಬಿಡುವು ಅದರ ಬಿಡಿ ಕೋರ್‌ಗೆ ಸಿಗುತ್ತದೆ. ಸರ್ವರ್‌ಗಳ ನಿದ್ದೆಯ ಕತೆ ನಡೆಯುವುದು ಈ ಕಿರಿದಾದ ಸಂದಿನಲ್ಲೇ.

ಕೋರ್ ಮಲಗುವ ಬಗೆ

ಪ್ರೊಸೆಸರ್ ಎರಡು ರೀತಿಯಲ್ಲಿ ವಿದ್ಯುತ್ ತಿನ್ನುತ್ತದೆ. ಟ್ರಾನ್ಸಿಸ್ಟರ್‌ಗಳು ಸೊನ್ನೆಯಿಂದ ಒಂದಕ್ಕೆ, ಒಂದರಿಂದ ಸೊನ್ನೆಗೆ ಬದಲಾಗುವಾಗ ಖರ್ಚಾಗುವುದು ಒಂದು. ಇದು ಆವರ್ತನದ ಜೊತೆ ನೇರವಾಗಿ, ವೋಲ್ಟೇಜಿನ ವರ್ಗದ ಜೊತೆ ಏರುತ್ತದೆ. ಆವರ್ತನವನ್ನೂ ವೋಲ್ಟೇಜನ್ನೂ ತಲಾ ಶೇ 10 ಇಳಿಸಿದರೆ ಈ ಖರ್ಚು ಶೇ 27ರಷ್ಟು ಇಳಿಯುತ್ತದೆ. ವೇಗದಲ್ಲಿ ಹತ್ತು ಬಿಟ್ಟುಕೊಟ್ಟರೆ ವಿದ್ಯುತ್ತಿನಲ್ಲಿ ಇಪ್ಪತ್ತೇಳು ಉಳಿಯುತ್ತದೆ. ಕೆಲಸ ಕಡಿಮೆಯಿದ್ದಾಗ ನಿಧಾನವಾಗಿ ನಡೆಯುವ ಈ ಹಂತಗಳಿಗೆ ಪಿ-ಸ್ಟೇಟ್ ಎನ್ನುತ್ತಾರೆ.

ಇನ್ನೊಂದು ಸೋರಿಕೆ. ಟ್ರಾನ್ಸಿಸ್ಟರ್ ಏನೂ ಮಾಡದಿದ್ದರೂ ಅದಕ್ಕೆ ವೋಲ್ಟೇಜ್ ಇರುವವರೆಗೆ ಒಂದಿಷ್ಟು ವಿದ್ಯುತ್ ಹರಿದುಹೋಗುತ್ತಲೇ ಇರುತ್ತದೆ. ಟ್ರಾನ್ಸಿಸ್ಟರ್‌ಗಳು ಚಿಕ್ಕದಾದಂತೆ ಈ ಸೋರಿಕೆ ದೊಡ್ಡ ತಲೆನೋವಾಯಿತು. ಕೋಟಿಗಟ್ಟಲೆ ಟ್ರಾನ್ಸಿಸ್ಟರ್‌ಗಳಿರುವ ಚಿಪ್‌ನಲ್ಲಿ ಹನಿಹನಿಯಾಗಿ ಸೋರಿದ್ದು ಹತ್ತಾರು ವ್ಯಾಟ್ ಆಗುತ್ತದೆ. ಕ್ಲಾಕ್ ನಿಲ್ಲಿಸಿದರೆ ಮೊದಲ ಖರ್ಚು ನಿಲ್ಲುತ್ತದೆ, ಸೋರಿಕೆ ನಿಲ್ಲುವುದಿಲ್ಲ. ಅದನ್ನು ನಿಲ್ಲಿಸಲು ಕೋರ್‌ಗೆ ಹೋಗುವ ವಿದ್ಯುತ್ತನ್ನೇ ಕಡಿಯಬೇಕು.

ಇಲ್ಲಿ ನಮ್ಮೂರಿನ ಒಂದು ನಂಟನ್ನು ಹೇಳಲೇಬೇಕು. ಇಂಟೆಲ್‌ನ ಸರ್ವರ್ ಪ್ರೊಸೆಸರ್ ಜಿಯಾನ್ 7400, ಒಳಹೆಸರು ಡನ್ನಿಂಗ್ಟನ್, ಪೂರ್ತಿಯಾಗಿ ವಿನ್ಯಾಸಗೊಂಡದ್ದು ಬೆಂಗಳೂರಿನಲ್ಲಿ. ಆರು ಕೋರ್‌ಗಳು, 190 ಕೋಟಿ ಟ್ರಾನ್ಸಿಸ್ಟರ್‌ಗಳು. 2008ರ ಸೆಪ್ಟೆಂಬರ್‌ನಲ್ಲಿ ಅದು ಮಾರುಕಟ್ಟೆಗೆ ಬಂತು. ಕೆಲವೇ ತಿಂಗಳಲ್ಲಿ ಇಂಟೆಲ್‌ನ ಮುಂದಿನ ಪೀಳಿಗೆಯಾದ ನೆಹಲೆಮ್ ಬಂದಾಗ ಒಂದೊಂದು ಕೋರ್‌ಗೂ ಪ್ರತ್ಯೇಕ ವಿದ್ಯುತ್ ಬಾಗಿಲು ಸಿಕ್ಕಿತು. ಪಕ್ಕದ ಕೋರ್ ಓಡುತ್ತಿರುವಾಗಲೇ ಈ ಕೋರ್‌ನ ವಿದ್ಯುತ್ತನ್ನು ಹೆಚ್ಚುಕಡಿಮೆ ಸೊನ್ನೆಗೆ ಇಳಿಸಬಹುದಾಯಿತು. ಸರ್ವರ್‌ಗಳ ಮಟ್ಟಿಗೆ ನಿಜವಾದ ನಿದ್ದೆ ಶುರುವಾದದ್ದು ಆಗ ಎಂದೇ ನಾನು ತಿಳಿದಿದ್ದೇನೆ.

ಕೋರ್‌ನ ಈ ನಿದ್ದೆಗಳಿಗೆ ಸಿ-ಸ್ಟೇಟ್ ಎಂದು ಹೆಸರು. ಸಿ0 ಎಂದರೆ ಕೆಲಸದಲ್ಲಿದೆ. ಸಿ1ರಲ್ಲಿ ಕ್ಲಾಕ್ ನಿಂತಿದೆ, ಕರೆದರೆ ತಕ್ಷಣ ಏಳುತ್ತದೆ. ಸಿ1ಇ ಹಂತದಲ್ಲಿ ವೋಲ್ಟೇಜೂ ಇಳಿದಿದೆ. ಸಿ6ರಲ್ಲಿ ಕೋರ್ ತನ್ನೊಳಗಿನ ಲೆಕ್ಕಪತ್ರಗಳನ್ನೆಲ್ಲ ಬೇರೊಂದು ಪುಟ್ಟ ಮೆಮೊರಿಗೆ ಬರೆದಿಟ್ಟು, ತನ್ನ ಸ್ವಂತ ಕ್ಯಾಶ್ ಖಾಲಿಮಾಡಿ, ವಿದ್ಯುತ್ ಕಡಿದುಕೊಂಡು ಮಲಗುತ್ತದೆ. ಆಳಕ್ಕೆ ಇಳಿದಷ್ಟೂ ಉಳಿತಾಯ ಹೆಚ್ಚು, ಮೇಲೇಳಲು ಬೇಕಾದ ಸಮಯವೂ ಹೆಚ್ಚು. ಇಂಟೆಲ್‌ನ ಸ್ಕೈಲೇಕ್ ಸರ್ವರ್ ಪ್ರೊಸೆಸರ್‌ಗಳಿಗಾಗಿ ಲಿನಕ್ಸ್ ಕರ್ನಲ್‌ನಲ್ಲಿ ಬರೆದಿಟ್ಟ ಪಟ್ಟಿಯ ಪ್ರಕಾರ ಸಿ1ರಿಂದ ಏಳಲು 2 ಮೈಕ್ರೋಸೆಕೆಂಡ್ ಸಾಕು, ಸಿ1ಇಗೆ 10, ಸಿ6ಕ್ಕೆ 133. ಮೂರು ಗಿಗಾಹರ್ಟ್ಜ್‌ನ ಕೋರ್ ಆ 133 ಮೈಕ್ರೋಸೆಕೆಂಡಿನಲ್ಲಿ ಸುಮಾರು ನಾಲ್ಕು ಲಕ್ಷ ಕ್ಲಾಕ್ ಸುತ್ತು ಮುಗಿಸುತ್ತಿತ್ತು.

ಅದೇ ಪಟ್ಟಿಯಲ್ಲಿ ಇನ್ನೊಂದು ಅಂಕಿಯಿದೆ. ಸಿ6ಕ್ಕೆ ಇಳಿದರೆ ಕನಿಷ್ಠ 600 ಮೈಕ್ರೋಸೆಕೆಂಡ್ ಅಲ್ಲಿರಬೇಕು. ಅದಕ್ಕಿಂತ ಬೇಗ ಎದ್ದರೆ ಇಳಿದು ಹತ್ತಿದ ಖರ್ಚೇ ಉಳಿತಾಯವನ್ನು ಮೀರುತ್ತದೆ. ಹೋಟೆಲಿನಲ್ಲಿ ಮಧ್ಯಾಹ್ನ ಮೂರರ ಹೊತ್ತಿಗೆ ದೋಸೆ ಕಾವಲಿಯ ಮುಂದೆ ನಿಂತ ಭಟ್ಟರು ಎದುರಿಸುವ ಪ್ರಶ್ನೆಯೂ ಇದೇ. ಗಿರಾಕಿ ಎರಡು ನಿಮಿಷದಲ್ಲಿ ಬರುವನೆಂದಾದರೆ ಉರಿ ಆರಿಸುವುದು ನಷ್ಟ, ಮತ್ತೆ ಕಾವಲಿ ಕಾಯಿಸಲು ಹೆಚ್ಚು ಗ್ಯಾಸ್ ಬೇಕು. ಒಂದು ಗಂಟೆ ಯಾರೂ ಬರುವುದಿಲ್ಲವೆಂದಾದರೆ ಉರಿಸುತ್ತಾ ಕೂರುವುದು ನಷ್ಟ. ಭಟ್ಟರಿಗೆ ಬೀದಿಯ ರೂಢಿ ಗೊತ್ತು, ಅಂದಾಜು ಹಾಕುತ್ತಾರೆ. ಕೋರ್ ಪರವಾಗಿ ಆ ಅಂದಾಜು ಹಾಕಬೇಕಾದದ್ದು ಆಪರೇಟಿಂಗ್ ಸಿಸ್ಟಂ, ಅದೂ ಸೆಕೆಂಡಿಗೆ ಸಾವಿರಾರು ಸಲ.

ಲಿನಕ್ಸ್‌ನಲ್ಲಿ ಈ ಕೆಲಸ ಮಾಡುವ ಭಾಗಕ್ಕೆ ಸಿಪಿಯುಐಡಲ್ ಎಂದು ಹೆಸರು. ವೆಂಕಟೇಶ್ ಪಳ್ಳಿಪಾಡಿ, ಶಾವೊಹುವಾ ಲಿ, ಆಡಮ್ ಬಿಲೇ ಮೂವರು 2007ರ ಒಟ್ಟಾವಾ ಲಿನಕ್ಸ್ ಸಮ್ಮೇಳನದಲ್ಲಿ ಅದನ್ನು ಪರಿಚಯಿಸಿದರು. ಮುಂದಿನ ಟೈಮರ್ ಯಾವಾಗ ಬಡಿಯುತ್ತದೆ, ಈಚಿನ ಕೆಲವು ಬಿಡುವುಗಳು ಎಷ್ಟೆಷ್ಟು ಉದ್ದವಿದ್ದವು, ಏಳುವುದು ಎಷ್ಟು ತಡವಾದರೆ ಪರವಾಗಿಲ್ಲ ಎಂಬುದನ್ನೆಲ್ಲ ನೋಡಿ ಅದು ನಿದ್ದೆಯ ಆಳವನ್ನು ಆರಿಸುತ್ತದೆ. ಅಂದಾಜು ತಪ್ಪಿದರೆ ಎರಡು ಕಡೆಯಿಂದಲೂ ಪೆಟ್ಟು. ಕಡಿಮೆ ಆಳ ಆರಿಸಿದರೆ ವಿದ್ಯುತ್ ದಂಡ, ಹೆಚ್ಚು ಆಳ ಆರಿಸಿದರೆ ವಿದ್ಯುತ್ತೂ ದಂಡ, ಗ್ರಾಹಕನ ಸಮಯವೂ ದಂಡ.

ಅದೇ ವರ್ಷ ಇನ್ನೊಂದು ಸುಧಾರಣೆಯೂ ಬಂತು. ಅಲ್ಲಿಯವರೆಗೆ ಕರ್ನಲ್ ತನ್ನ ಗಡಿಯಾರ ನೋಡಿಕೊಳ್ಳಲು ಸೆಕೆಂಡಿಗೆ ನೂರಾರು ಸಲ, ಕೆಲವೆಡೆ ಸಾವಿರ ಸಲ, ಕೆಲಸವಿರಲಿ ಇಲ್ಲದಿರಲಿ ಪ್ರತಿ ಕೋರನ್ನೂ ಎಬ್ಬಿಸುತ್ತಿತ್ತು. ಮಿಲಿಸೆಕೆಂಡಿಗೊಮ್ಮೆ ತಟ್ಟಿ ಎಬ್ಬಿಸಿದರೆ ಆಳದ ನಿದ್ದೆಯ ಮಾತೇ ಇಲ್ಲ. ಬಿಡುವಿದ್ದಾಗ ಈ ತಟ್ಟುವಿಕೆಯನ್ನು ನಿಲ್ಲಿಸುವ ಕರ್ನಲ್ ಬಂದ ಬೆನ್ನಿಗೇ ಇಂಟೆಲ್ ಪವರ್‌ಟಾಪ್ ಎಂಬ ಉಪಕರಣ ಬಿಡುಗಡೆ ಮಾಡಿತು. ಯಾವ ಪ್ರೋಗ್ರಾಂ ಸುಮ್ಮಸುಮ್ಮನೆ ಪ್ರೊಸೆಸರನ್ನು ಎಬ್ಬಿಸುತ್ತಿದೆ ಎಂದು ಅದು ಪಟ್ಟಿ ಹಾಕಿ ತೋರಿಸುತ್ತದೆ. ಅದನ್ನು ಮೊದಲ ಸಲ ಓಡಿಸಿದ ಎಷ್ಟೋ ಪ್ರೋಗ್ರಾಮರ್‌ಗಳಿಗೆ ತಮ್ಮದೇ ಕೋಡ್ ಆ ಪಟ್ಟಿಯ ತುದಿಯಲ್ಲಿ ಕಂಡಿತು. ಕೆಲಸವಿದೆಯೇ ಎಂದು ಕ್ಷಣಕ್ಷಣಕ್ಕೂ ಕೇಳುತ್ತಾ ಕೂರುವ ಸಾಫ್ಟ್‌ವೇರ್, ಎಂಥ ಒಳ್ಳೆಯ ಹಾರ್ಡ್‌ವೇರ್ ಸಿಕ್ಕರೂ ಅದನ್ನು ಮಲಗಲು ಬಿಡುವುದಿಲ್ಲ.

ತಡದ ಭಯ

ಇಷ್ಟೆಲ್ಲ ಸೌಕರ್ಯವಿದ್ದರೂ ಎಷ್ಟೋ ಡೇಟಾ ಸೆಂಟರ್‌ಗಳಲ್ಲಿ ಸಿ6 ಮುಚ್ಚಿರುತ್ತದೆ. ಮುಚ್ಚಿದವರು ಅದನ್ನು ನೋಡಿಕೊಳ್ಳುವ ಎಂಜಿನಿಯರ್‌ಗಳೇ. ಬಯಾಸ್‌ನಲ್ಲಿ ‘ಮ್ಯಾಕ್ಸಿಮಮ್ ಪರ್ಫಾರ್ಮೆನ್ಸ್’ ಎಂದು ಒಂದು ಆಯ್ಕೆ ಒತ್ತಿದರೆ ಆಳದ ನಿದ್ದೆಗಳೆಲ್ಲ ರದ್ದು. ಕೆಲವು ಡೇಟಾಬೇಸ್‌ಗಳ ಕೈಪಿಡಿಗಳೂ ಅದನ್ನೇ ಸೂಚಿಸುತ್ತವೆ.

ಅವರ ಭಯ ಹುಸಿಯಲ್ಲ. ಬರೋಸೊ ಮತ್ತು ಗೂಗಲ್‌ನ ಅವರ ಸಹೋದ್ಯೋಗಿ ಜೆಫ್ ಡೀನ್ 2013ರಲ್ಲಿ ಬರೆದ ಇನ್ನೊಂದು ಲೇಖನದಲ್ಲಿ ಒಂದು ಲೆಕ್ಕವಿದೆ. ಒಂದು ಸರ್ವರ್ ಸಾಮಾನ್ಯವಾಗಿ 10 ಮಿಲಿಸೆಕೆಂಡಿನಲ್ಲಿ ಉತ್ತರಿಸುತ್ತದೆ, ನೂರರಲ್ಲಿ ಒಂದು ಸಲ ಮಾತ್ರ ಒಂದು ಸೆಕೆಂಡ್ ತೆಗೆದುಕೊಳ್ಳುತ್ತದೆ ಎನ್ನಿ. ನಿಮ್ಮ ಒಂದು ಹುಡುಕಾಟಕ್ಕೆ ಅಂಥ ನೂರು ಸರ್ವರ್‌ಗಳು ಉತ್ತರಿಸಬೇಕಾದರೆ, ನೂರರಲ್ಲಿ 63 ಹುಡುಕಾಟಗಳು ಒಂದು ಸೆಕೆಂಡಿಗಿಂತ ತಡವಾಗುತ್ತವೆ. ಅಪರೂಪದ ತಡ, ಯಂತ್ರಗಳ ಸಂಖ್ಯೆ ಹೆಚ್ಚಿದಂತೆ ಎಲ್ಲರ ಅನುಭವವಾಗುತ್ತದೆ. ಹಾಗಾಗಿ ಎಲ್ಲೋ ಒಂದು ಕೋರ್ ಮಲಗಿದ್ದರಿಂದ ಆಗುವ ನೂರಾರು ಮೈಕ್ರೋಸೆಕೆಂಡಿನ ತಡವನ್ನೂ ಅವರು ಸಹಿಸರು. ಷೇರು ವಹಿವಾಟಿನಲ್ಲಿ ಮೈಕ್ರೋಸೆಕೆಂಡಿಗೆ ಬೆಲೆಯಿದೆ, ಅಲ್ಲಿ ಸಿ6 ಮುಚ್ಚುವುದನ್ನು ನಾನು ಪ್ರಶ್ನಿಸುವುದಿಲ್ಲ.

ಪ್ರಶ್ನಿಸುವುದು ಅದೇ ಔಷಧವನ್ನು ಎಲ್ಲರೂ ಕುಡಿಯುವುದನ್ನು. ಕಾಲೇಜಿನ ಪರೀಕ್ಷಾ ಫಲಿತಾಂಶದ ಸರ್ವರ್, ಇಲಾಖೆಯ ಕಡತಗಳ ಸರ್ವರ್, ಕಂಪನಿಯ ಹಾಜರಾತಿಯ ಸರ್ವರ್ ಇವುಗಳಲ್ಲಿ 133 ಮೈಕ್ರೋಸೆಕೆಂಡ್ ಯಾರ ಗಮನಕ್ಕೂ ಬರುವುದಿಲ್ಲ. ಬಳಕೆದಾರನ ಮೊಬೈಲ್‌ನಿಂದ ಸರ್ವರ್‌ಗೆ ಸಂದೇಶ ಹೋಗಿಬರಲು ಅದರ ನೂರಾರು ಪಟ್ಟು ಸಮಯ ಬೇಕಾಗುತ್ತದೆ.

ಇನ್ನೂ ಒಂದು ಮಾತು ಬಹಳ ಜನರಿಗೆ ಗೊತ್ತಿಲ್ಲ. ಸಿ6 ಮುಚ್ಚಿದರೆ ಯಂತ್ರ ಕೆಲವೊಮ್ಮೆ ನಿಧಾನವೇ ಆಗುತ್ತದೆ. ಚಿಪ್‌ಗೆ ಒಟ್ಟು ಇಷ್ಟು ವ್ಯಾಟ್, ಇಷ್ಟು ಶಾಖ ಎಂಬ ಮಿತಿಯಿದೆ. ಕೆಲವು ಕೋರ್‌ಗಳು ಆಳವಾಗಿ ಮಲಗಿದರೆ ಅವುಗಳ ಪಾಲಿನ ವ್ಯಾಟ್ ಉಳಿಯುತ್ತದೆ, ಆ ಉಳಿತಾಯದ ಬಲದಿಂದ ಎಚ್ಚರವಿರುವ ಕೋರ್‌ಗಳು ಟರ್ಬೊ ವೇಗಕ್ಕೆ ಏರುತ್ತವೆ. ಎಲ್ಲರನ್ನೂ ಎಚ್ಚರವಿಟ್ಟರೆ ಆ ಗರಿಷ್ಠ ಟರ್ಬೊ ಸಿಗುವುದಿಲ್ಲ. ವೇಗಕ್ಕಾಗಿ ನಿದ್ದೆ ಕೆಡಿಸಿ ವೇಗವನ್ನೂ ಕಳೆದುಕೊಳ್ಳುವ ಸಂದರ್ಭಗಳಿವೆ. ಆದ್ದರಿಂದ ಅಳೆಯದೆ ಮುಚ್ಚಬಾರದು.

ಈ ಇಕ್ಕಟ್ಟಿಗೆ ಎಂಜಿನಿಯರಿಂಗ್ ಇನ್ನೂ ಪೂರ್ಣ ಉತ್ತರ ಕೊಟ್ಟಿಲ್ಲ ಎಂಬುದೂ ನಿಜ. 2017ರಲ್ಲಿ ಬರೋಸೊ, ಪಾರ್ಥಸಾರಥಿ ರಂಗನಾಥನ್ ಮುಂತಾದವರು ಸೇರಿ ಬರೆದ ಲೇಖನವೊಂದು ಇದನ್ನು ಚೆನ್ನಾಗಿ ಗುರುತಿಸಿತು. ನ್ಯಾನೋಸೆಕೆಂಡಿನ ತಡವನ್ನು ಪ್ರೊಸೆಸರ್ ತಾನೇ ಮರೆಮಾಚುತ್ತದೆ, ಮಿಲಿಸೆಕೆಂಡಿನದ್ದನ್ನು ಆಪರೇಟಿಂಗ್ ಸಿಸ್ಟಂ ಮರೆಮಾಚುತ್ತದೆ. ನಡುವಿನ ಮೈಕ್ರೋಸೆಕೆಂಡಿಗೆ ವಾರಸುದಾರರಿಲ್ಲ. ಸರ್ವರ್‌ಗಳ ಬಿಡುವು ಹೆಚ್ಚಾಗಿ ಸಿಗುವುದು ಅಲ್ಲೇ.

ಕೋರ್‌ಗಳಾಚೆಗೂ ಯಂತ್ರವಿದೆ. ಎಲ್ಲ ಕೋರ್‌ಗಳೂ ಏಕಕಾಲಕ್ಕೆ ಮಲಗಿದರೆ ಮಾತ್ರ ಚಿಪ್‌ನ ಉಳಿದ ಭಾಗಗಳು ಮಲಗಬಲ್ಲವು, ಅದು ಅಪರೂಪ. ಮೆಮೊರಿ ತನ್ನಲ್ಲಿರುವುದನ್ನು ಮರೆಯದಿರಲು ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ಎಲ್ಲವನ್ನೂ ಹೊಸದಾಗಿಸಿಕೊಳ್ಳುತ್ತಲೇ ಇರಬೇಕು. ಫ್ಯಾನ್‌ಗಳ ವಿದ್ಯುತ್ ವೇಗದ ಘನದಷ್ಟು ಏರುತ್ತದೆ, ವೇಗ ಅರ್ಧವಾದರೆ ಖರ್ಚು ಎಂಟರಲ್ಲೊಂದು. ಶಟ್‌ಡೌನ್ ಮಾಡಿದ ಸರ್ವರ್‌ನೊಳಗೂ ಬಿಎಂಸಿ ಎಂಬ ಪುಟ್ಟ ಕಂಪ್ಯೂಟರ್ ಎಚ್ಚರವಾಗಿಯೇ ಇದ್ದು, ದೂರದಿಂದ ಬರುವ ಆಜ್ಞೆಗೆ ಕಾಯುತ್ತದೆ. ಪ್ರೊಸೆಸರ್ ತಯಾರಕರು ಹತ್ತು ಹದಿನೈದು ವರ್ಷಗಳಲ್ಲಿ ಸಾಧಿಸಿದ್ದು ದೊಡ್ಡದು. ಸುತ್ತಲಿನ ಈ ಸಲಕರಣೆಗಳು ಅಷ್ಟು ವೇಗವಾಗಿ ಬದಲಾಗಿಲ್ಲ.

ಯಾರಿಗೂ ಬೇಡವಾದವು

ಮೈಕ್ರೋಸೆಕೆಂಡಿನ ನಿದ್ದೆಗಿಂತ ದೊಡ್ಡ ಉಳಿತಾಯ ಇರುವುದು ಯಂತ್ರವನ್ನು ಪೂರ್ತಿ ಆರಿಸುವುದರಲ್ಲಿ. ವರ್ಚುವಲೈಸೇಶನ್ ಬಂದ ಮೇಲೆ ಅದು ಸಾಧ್ಯವಾಗಿದೆ. ಹತ್ತು ಯಂತ್ರಗಳಲ್ಲಿ ಹರಡಿದ ಕೆಲಸವನ್ನು ರಾತ್ರಿ ಹೊತ್ತು ನಾಲ್ಕೇ ಯಂತ್ರಗಳಿಗೆ ಒಟ್ಟುಮಾಡಿ, ಉಳಿದ ಆರನ್ನು ಆರಿಸಿ, ಬೆಳಿಗ್ಗೆ ಬೇಡಿಕೆ ಏರಿದಾಗ ಎಬ್ಬಿಸಬಹುದು. ವಿಎಂವೇರ್ 2009ರಿಂದಲೇ ಇದನ್ನು ಅಧಿಕೃತ ಸೌಲಭ್ಯವಾಗಿ ಕೊಟ್ಟಿದೆ. ಸೂಪರ್‌ಕಂಪ್ಯೂಟರ್‌ಗಳ ಕೆಲಸ ಹಂಚುವ ಸ್ಲರ್ಮ್ ತಂತ್ರಾಂಶದಲ್ಲೂ, ಇಷ್ಟು ಹೊತ್ತು ಕೆಲಸ ಬರದಿದ್ದರೆ ಆ ಯಂತ್ರವನ್ನು ಆರಿಸು ಎಂದು ಬರೆದಿಡಬಹುದು. ಎಬ್ಬಿಸುವ ವಿಧಾನವೂ ಹಳೆಯದು, ಸರಳ. ಮಲಗಿದ ಯಂತ್ರದ ನೆಟ್‌ವರ್ಕ್ ಕಾರ್ಡಿಗೆ 102 ಬೈಟ್‌ಗಳ ಒಂದು ಸಂದೇಶ ಸಾಕು: ಎಲ್ಲ ಬಿಟ್‌ಗಳೂ 1 ಆಗಿರುವ ಆರು ಬೈಟ್‌ಗಳು, ಬೆನ್ನಿಗೆ ಆ ಕಾರ್ಡಿನ ವಿಳಾಸ ಹದಿನಾರು ಸಲ.

ಹಾಗಿದ್ದರೂ ಆರಿಸುವವರು ಕಡಿಮೆ. ಸಂಶೋಧಕರಾದ ಜೊನಾಥನ್ ಕೂಮಿ ಮತ್ತು ಜಾನ್ ಟೇಲರ್ 2015ರಲ್ಲಿ ಸುಮಾರು 4,000 ಸರ್ವರ್‌ಗಳನ್ನು ಪರಿಶೀಲಿಸಿದಾಗ ಶೇ 30ರಷ್ಟು ಆರು ತಿಂಗಳಿಂದ ಯಾವ ಉಪಯುಕ್ತ ಕೆಲಸವನ್ನೂ ಮಾಡಿರಲಿಲ್ಲ. ಯಾವುದೋ ಪ್ರಾಜೆಕ್ಟಿಗೆ ತಂದದ್ದು, ಪ್ರಾಜೆಕ್ಟ್ ಮುಗಿದಿದೆ, ತಂದವರು ಬೇರೆ ಕೆಲಸಕ್ಕೆ ಹೋಗಿದ್ದಾರೆ. ಆರಿಸಿದರೆ ಏನಾದರೂ ನಿಂತುಹೋದೀತೆಂಬ ಅಳುಕಿನಿಂದ ಯಾರೂ ಕೈ ಹಾಕುವುದಿಲ್ಲ. ಬಿಲ್ಲು ಕಟ್ಟುವವರು ಒಬ್ಬರು, ಯಂತ್ರ ನೋಡಿಕೊಳ್ಳುವವರು ಇನ್ನೊಬ್ಬರು ಆಗಿರುವುದರಿಂದ ಕೇಳುವವರೂ ಇಲ್ಲ.

ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ 2025ರ ವರದಿಯಂತೆ 2024ರಲ್ಲಿ ಜಗತ್ತಿನ ಡೇಟಾ ಸೆಂಟರ್‌ಗಳು ಬಳಸಿದ್ದು ಸುಮಾರು 41,500 ಕೋಟಿ ಯೂನಿಟ್, ಒಟ್ಟು ವಿದ್ಯುತ್ತಿನ ಶೇ 1.5. 2030ರ ಹೊತ್ತಿಗೆ ಅದು ಎರಡು ಪಟ್ಟಿಗಿಂತ ಹೆಚ್ಚಾಗಿ 94,500 ಕೋಟಿ ಯೂನಿಟ್ ಆದೀತೆಂಬ ಅಂದಾಜಿದೆ. ಏರಿಕೆಯ ದೊಡ್ಡ ಪಾಲು ಎಐ ಯಂತ್ರಗಳದ್ದು. ಎನ್‌ವಿಡಿಯಾದ ಎಚ್100 ಚಿಪ್‌ನ ಒಂದು ಮಾದರಿ ಒಂದೇ 700 ವ್ಯಾಟ್‌ವರೆಗೆ ಎಳೆಯುತ್ತದೆ, ಒಂದು ಸರ್ವರ್‌ನಲ್ಲಿ ಅಂಥ ಎಂಟು ಇರುತ್ತವೆ. ಎಐ ತರಬೇತಿಯಲ್ಲಿ ಅವು ವಾರಗಟ್ಟಲೆ ದುಡಿಯುತ್ತವೆ, ಅಲ್ಲಿ ನಿದ್ದೆಯ ಪ್ರಶ್ನೆ ಬರುವುದಿಲ್ಲ. ನಾವು ಕೇಳಿದ್ದಕ್ಕೆ ಉತ್ತರಿಸುವ ಎಐ ಸರ್ವರ್‌ಗಳ ಬೇಡಿಕೆ ಮಾತ್ರ ಹಗಲು ರಾತ್ರಿಗೆ ತಕ್ಕಂತೆ ಏರಿಳಿಯುತ್ತದೆ, ಅಲ್ಲಿ 2007ರ ಪ್ರಶ್ನೆಯೇ ಮತ್ತೆ ಎದುರಾಗಿದೆ.

ಐರೋಪ್ಯ ಒಕ್ಕೂಟ ಈ ವಿಷಯವನ್ನು ತಯಾರಕರ ಒಳ್ಳೆಯತನಕ್ಕೆ ಬಿಟ್ಟಿಲ್ಲ. 2019ರಲ್ಲಿ ಮಾಡಿದ ನಿಯಮದಂತೆ 2020ರ ಮಾರ್ಚ್‌ನಿಂದ ಅಲ್ಲಿ ಮಾರಾಟವಾಗುವ ಸಾಮಾನ್ಯ ಸರ್ವರ್‌ಗಳು ಕೆಲಸವಿಲ್ಲದಾಗ ಎಷ್ಟು ವ್ಯಾಟ್ ಎಳೆಯಬಹುದೆಂಬುದಕ್ಕೆ ಮಿತಿಯಿದೆ. ಇದು ಸರಿಯಾದ ದಾರಿ. ಸರ್ಕಾರಿ ಟೆಂಡರ್‌ಗಳಲ್ಲಿ ಪ್ರೊಸೆಸರ್ ವೇಗ, ಮೆಮೊರಿ, ಡಿಸ್ಕ್ ಕೇಳುವ ಕಡೆ ಬಿಡುವಿನಲ್ಲಿ ಎಷ್ಟು ವ್ಯಾಟ್ ಎಂಬ ಒಂದು ಸಾಲು ಸೇರಿಸಿದರೂ ಬಹಳ ಬದಲಾಗುತ್ತದೆ.

ಜಗತ್ತಿನ ಎಷ್ಟೋ ಕಂಪನಿಗಳ ಸರ್ವರ್‌ಗಳ ಉಸ್ತುವಾರಿ ಬೆಂಗಳೂರು, ಮೈಸೂರು, ಮಂಗಳೂರಿನ ಕಚೇರಿಗಳಲ್ಲಿ ಕುಳಿತವರ ಕೈಯಲ್ಲಿದೆ. ನೀವು ಅವರಲ್ಲಿ ಒಬ್ಬರಾಗಿದ್ದರೆ ಒಂದು ಕೋರಿಕೆ. ಬಿಡುವಿರುವ ಒಂದು ಇಂಟೆಲ್ ಸರ್ವರ್‌ನಲ್ಲಿ ಟರ್ಬೊಸ್ಟಾಟ್ ಎಂಬ ಲಿನಕ್ಸ್ ಉಪಕರಣ ಓಡಿಸಿ, ಸಿ6ರ ಕಾಲಂ ನೋಡಿ. ಅಲ್ಲಿ ಸೊನ್ನೆ ಕಂಡರೆ ಯಾರು, ಯಾವ ಕಾರಣಕ್ಕೆ ಮುಚ್ಚಿದರೆಂದು ವಿಚಾರಿಸಿ. ಕಾರಣ ಸಿಗದಿದ್ದರೆ ಪರೀಕ್ಷೆಗೆಂದು ಒಂದೆರಡು ಯಂತ್ರಗಳಲ್ಲಿ ತೆರೆದು, ಒಂದು ವಾರ ಉತ್ತರದ ಸಮಯವನ್ನೂ ವ್ಯಾಟನ್ನೂ ಅಳೆಯಿರಿ. ಆರು ತಿಂಗಳಿಂದ ಯಾರೂ ಮುಟ್ಟದ ಯಂತ್ರಗಳ ಪಟ್ಟಿ ಮಾಡಿ, ಸಂಬಂಧಪಟ್ಟವರಿಗೆ ತಿಳಿಸಿ, ಬ್ಯಾಕಪ್ ತೆಗೆದು ಆರಿಸಿಬಿಡಿ.